ಕರಟದೊಳಗಿನ ಬೊಟ್ಟು

ಮೂರು ವರ್ಷದ ಹಿಂದೆ, ವರಮಹಾಲಕ್ಷ್ಮಿ ಹಬ್ಬದ ಬೆಳಗ್ಗೆ, ಎಣ್ಣೆಸ್ನಾನ ಮುಗಿಸಿ ಕನ್ನಡಿ ಮುಂದೆ ನಿಂತಿದ್ದೆ. ಹಿಂದಿನ ದಿನದ ಸ್ಟಿಕ್ಕರ್ ಬೊಟ್ಟು ಎಂದಿನಂತೆ ಕನ್ನಡಿಯ ಅಂಚಿನಲ್ಲಿ ಅಂಟಿಕೊಂಡಿತ್ತು. ಹುಬ್ಬುಗಳ ನಡುವೆ ಒಂದು ಬಿಳಿ ಚುಕ್ಕಿ ಕಾಣಿಸಿತು. ಸೋಪಿನ ನೊರೆ ಉಳಿದಿರಬೇಕು ಅಂದುಕೊಂಡು ಟವೆಲ್‌ನಿಂದ ಒರೆಸಿದೆ. ಹೋಗಲಿಲ್ಲ. ಇನ್ನೊಮ್ಮೆ ಒರೆಸಿದೆ. ಕಾಳುಮೆಣಸಿನಷ್ಟು ದೊಡ್ಡದು. ಸ್ಟಿಕ್ಕರ್ ಎಷ್ಟು ಗುಂಡಗಿತ್ತೋ ಅಷ್ಟೇ ಗುಂಡಗೆ. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಅವತ್ತು ಅದರ ಮೇಲೆಯೇ ದೊಡ್ಡದಾಗಿ ಕುಂಕುಮ ಇಟ್ಟುಕೊಂಡು ಬಂದವರಿಗೆಲ್ಲ ಅರಿಶಿನ ಕುಂಕುಮ ಕೊಟ್ಟೆ.

ಚರ್ಮದ ಡಾಕ್ಟರು ನನ್ನನ್ನು ಕೂರಿಸಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ವರ್ಷದಿಂದ ಸ್ಟಿಕ್ಕರ್ ಇಡ್ತಾ ಇದ್ದೀರಿ?" ಹದಿನೆಂಟು ವರ್ಷ ಅಂದೆ. ಹಗಲು ರಾತ್ರಿ, ಮಲಗುವಾಗಲೂ. ಅವರು ಕಾಗದದ ಮೇಲೆ ಒಂದು ಹೆಸರು ಬರೆದು ತೋರಿಸಿದರು: ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್. ಕೆಲವು ಸ್ಟಿಕ್ಕರ್‌ಗಳ ಅಂಟಿನಲ್ಲಿ ಇದು ಇರುತ್ತದೆ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಟೈರೋಸಿನ್ ಅನ್ನುವ ವಸ್ತುವಿನಿಂದ ಬಣ್ಣ ತಯಾರಿಸುತ್ತವೆ. ಈ ಅಂಟಿನ ರಾಸಾಯನಿಕ ನೋಡಲು ಅದರ ಹಾಗೇ ಇರುವುದರಿಂದ ಜೀವಕೋಶ ಅದನ್ನೇ ಒಳಗೆ ತೆಗೆದುಕೊಂಡು ಸಾಯುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದವರಲ್ಲಿ ಬೇಗ ನಿಲ್ಲಿಸಿದರೆ ಬಣ್ಣ ನಿಧಾನವಾಗಿ ಮರಳಿ ಬರುವ ಸಾಧ್ಯತೆ ಇರುತ್ತದೆ ಅಂದರು. ಒಂದು ಮುಲಾಮು ಕೊಟ್ಟರು. ಆ ಜಾಗಕ್ಕೆ ಬೇರೆ ಏನನ್ನೂ ಮುಟ್ಟಿಸಬೇಡಿ ಅಂತ ಎರಡು ಸಲ ಹೇಳಿದರು.

ಬೊಟ್ಟಿಲ್ಲದ ಹಣೆ ಹೊತ್ತು ಓಡಾಡುವುದು ಬೆಂಗಳೂರಲ್ಲಿ ದೊಡ್ಡ ವಿಷಯವೇನಲ್ಲ. ಆಫೀಸಲ್ಲಿ ಅರ್ಧಕ್ಕರ್ಧ ಹುಡುಗಿಯರು ಬೊಟ್ಟು ಇಡುವುದಿಲ್ಲ. ಆದರೆ ನನಗೆ ಅದು ಅಭ್ಯಾಸ, ಇಷ್ಟ. ಬೊಟ್ಟಿಲ್ಲದೆ ನನ್ನ ಮುಖ ನನಗೇ ಅರ್ಧ ಮುಗಿಸಿದ ರಂಗೋಲಿ ಥರ ಕಾಣುತ್ತದೆ. ಜೊತೆಗೆ ಕೆಳಗಿನ ಮನೆ ಆಂಟಿ, ಹೂವು ಮಾರುವ ಅಜ್ಜಿ, ಹಬ್ಬಕ್ಕೆ ಬಂದ ನೆಂಟರು, ಎಲ್ಲರೂ "ಯಾಕಮ್ಮಾ, ಹಣೆ ಬರಿದು?" ಅಂತ ಕೇಳುವವರೇ. ಒಬ್ಬರಿಗೆ ಹೇಳಿದ್ದನ್ನೇ ಹತ್ತು ಜನಕ್ಕೆ ಹೇಳಿ ಸಾಕಾಗಿ ಹೋಗಿತ್ತು.

ಆಗ ಅಮ್ಮ ಕನಕಪುರದಿಂದ ಬಂದರು. ಚುಕ್ಕಿಯನ್ನು ಬೆರಳಿಂದ ಸವರಿ ನೋಡಿದರು. "ನಾವು ಚಿಕ್ಕೋರಿದ್ದಾಗ ಅಂಟು ಎಲ್ಲಿತ್ತೇ? ಸಾದು ಇಟ್ಕೋತಿದ್ವಿ. ನಿಂಗೂ ಇಟ್ಟಿದ್ದೀನಲ್ಲ, ತೊಟ್ಟಿಲಲ್ಲಿ ಇದ್ದಾಗ." ಸಾದು! ಆ ಪದ ಕೇಳಿ ಎಷ್ಟು ವರ್ಷವಾಗಿತ್ತೋ. ಅಜ್ಜಿ ಮನೆಯ ಗೂಡಿನಲ್ಲಿ ಒಂದು ತೆಂಗಿನ ಕರಟ ಇರುತ್ತಿತ್ತು. ಒಳಗೆ ಕನ್ನಡಿಯಂತೆ ಹೊಳೆಯುವ ಕಪ್ಪು ಪದರ. ಅಜ್ಜಿ ಬೆರಳನ್ನು ನೀರಿಗೆ ಅದ್ದಿ ಅದರ ಮೇಲೆ ಎರಡು ಸುತ್ತು ತಿರುಗಿಸಿ ಪಾಪುವಿನ ಹಣೆಗೆ, ಕೆನ್ನೆಗೆ, ಅಂಗಾಲಿಗೆ ಒತ್ತುತ್ತಿದ್ದರು. ಅದನ್ನು ಯಾವುದರಿಂದ ಮಾಡುತ್ತಾರೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಸಬ್ಬಕ್ಕಿಯಿಂದ. ಪಾಯಸಕ್ಕೆ, ಸಂಡಿಗೆಗೆ ಹಾಕುವ ಅದೇ ಸಬ್ಬಕ್ಕಿ.

ಅಮ್ಮ ಹಳೇ ಕಬ್ಬಿಣದ ಬಾಣಲೆ ಕೇಳಿದರು. ಒಂದು ಲೋಟ ಸಬ್ಬಕ್ಕಿ ಹಾಕಿ ಸಣ್ಣ ಉರಿಯಲ್ಲಿ ಹುರಿಯೋಕೆ ಶುರು ಮಾಡಿದರು. ಮೊದಲು ಕಾಳುಗಳು ಚಟಪಟ ಅಂದವು. ಕೆಲವು ಉಬ್ಬಿದವು. ಬಿಳಿ ಹೋಗಿ ಬೆಲ್ಲದ ಬಣ್ಣ ಬಂತು, ಆಮೇಲೆ ಕಾಫಿಪುಡಿಯ ಬಣ್ಣ. ಸಾಕಾ ಅಂತ ಕೇಳಿದೆ. "ಇನ್ನೂ ಹೊತ್ತಬೇಕು, ಸುಮ್ನೆ ಕೈಯಾಡಿಸು" ಅಂದರು. ಹೊಗೆ ಏಳತೊಡಗಿತು. ಅಡುಗೆಮನೆ ತುಂಬಾ ಸುಟ್ಟ ಸಕ್ಕರೆಯ ವಾಸನೆ. ಎದುರು ಮನೆಯವರು ಬಂದು ಬಾಗಿಲು ತಟ್ಟಿ "ಏನಾದ್ರೂ ಹೊತ್ತಿಕೊಂಡಿದೆಯಾ?" ಅಂತ ಗಾಬರಿಯಿಂದ ಕೇಳಿದರು. ಅವರಿಗೆ ಸಮಾಧಾನ ಹೇಳಿ ಬರುವಷ್ಟರಲ್ಲಿ ಕಾಳುಗಳೆಲ್ಲ ಕರಗಿ ಒಂದಕ್ಕೊಂದು ಹತ್ತಿಕೊಂಡು ಡಾಂಬರಿನ ಹಾಗೆ ಆಗಿದ್ದವು. ಅಮ್ಮ ಉರಿ ತಗ್ಗಿಸಿ, ಮುಖ ಆ ಕಡೆ ತಿರುಗಿಸಿಕೊಂಡು, ಪಕ್ಕದಿಂದ ಬಿಸಿನೀರು ಸುರಿದರು. ಬಾಣಲೆ ಬುಸ್ ಅಂತು. ಇಲ್ಲಿ ನಿಜಕ್ಕೂ ಹುಷಾರಾಗಿರಬೇಕು, ಆ ಸಿಡಿತ ಮುಖಕ್ಕೆ ಬಿದ್ದರೆ ಕಷ್ಟ.

ಆಮೇಲೆ ಅರ್ಧ ಗಂಟೆ ಕುದಿ. ಗಂಟುಗಳೆಲ್ಲ ಕರಗಿ ನೀರು ಕಪ್ಪಾಗಿ, ಮತ್ತೆ ಮಂದವಾಗಿ ಬಂತು. ಹಳೇ ಪಂಚೆಯ ತುಂಡಿನಲ್ಲಿ ಸೋಸಿ, ಇನ್ನೊಮ್ಮೆ ಕುದಿಸಿ, ದೋಸೆಹಿಟ್ಟಿನ ಹದಕ್ಕೆ ಬಂದ ಮೇಲೆ ಕರಟಕ್ಕೆ ಹೊಯ್ದರು. ಕರಟವನ್ನು ನಾನು ಮೊದಲೇ ಒಳಗೂ ಹೊರಗೂ ನಾರು ಉಳಿಯದ ಹಾಗೆ ಕೆರೆದು, ಉಜ್ಜಿ ಇಟ್ಟಿದ್ದೆ. ತಾರಸಿಯ ಮೇಲೆ, ಮೇಲೊಂದು ತೆಳು ಬಟ್ಟೆ ಕಟ್ಟಿ, ನಾಲ್ಕು ದಿನ ಒಣಗಿಸಿದೆವು. ಮೂರನೇ ದಿನ ಮಳೆ ಬಂದು ಓಡಿಹೋಗಿ ಎತ್ತಿಕೊಂಡು ಬಂದೆ. ನಾಲ್ಕನೇ ದಿನದ ಸಂಜೆ ಅದು ಕರಟದ ಒಳಮೈಗೆ ಗಟ್ಟಿಯಾಗಿ ಕೂತು, ವಾರ್ನಿಷ್ ಬಳಿದ ಹಾಗೆ ಮಿನುಗುತ್ತಿತ್ತು. ಬೆರಳು ಒದ್ದೆ ಮಾಡಿ ಉಜ್ಜಿ ಮುಂಗೈ ಮೇಲೆ ಒತ್ತಿದೆ. ಒಂದು ನಿಮಿಷದಲ್ಲಿ ಒಣಗಿತು. ಪಾತ್ರೆ ತೊಳೆದೆ, ಬಟ್ಟೆ ಹಿಂಡಿದೆ. ರಾತ್ರಿಯವರೆಗೂ ಅದರ ಗುರುತು ಇತ್ತು.

ಯಾಕೆ ಅಂಟುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಸಬ್ಬಕ್ಕಿ ಅಂದರೆ ಮರಗೆಣಸಿನ ಪಿಷ್ಟ. ಪಿಷ್ಟವನ್ನು ಒಣದಾಗಿ ಹುರಿದರೆ ಅದರ ಉದ್ದನೆಯ ಸರಪಳಿಗಳು ತುಂಡಾಗಿ ಡೆಕ್ಸ್‌ಟ್ರಿನ್ ಆಗುತ್ತದೆ. ಅದಕ್ಕೆ ನೀರು ತಾಗಿದರೆ ಗೋಂದು. ಅಂಚೆ ಚೀಟಿಯ ಹಿಂದೆ, ಲಕೋಟೆಯ ಅಂಚಿಗೆ ನಾಲಗೆಯಲ್ಲಿ ನೆಕ್ಕಿ ಅಂಟಿಸುತ್ತಿದ್ದೆವಲ್ಲ, ಆ ಅಂಟಿಗೆ ಬಳಸುತ್ತಿದ್ದದ್ದೂ ಇಂಥದ್ದೇ ಪದಾರ್ಥ. ಅಂದರೆ ಅಜ್ಜಿಯ ಕರಟದಲ್ಲಿ ಬಣ್ಣವೂ ಅಂಟೂ ಒಂದೇ ಬಾಣಲೆಯಿಂದ ಬಂದಿತ್ತು. ಇದು ನನಗೆ ಗೊತ್ತಾದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಹೌದಾ? ನಮಗೆ ಅಂಟುತ್ತೆ ಅಂತ ಗೊತ್ತಿತ್ತು ಅಷ್ಟೇ" ಅಂದರು.

ಆದರೆ ಆ ಸಾದನ್ನು ನಾನು ಕೂಡಲೇ ಹಣೆಗೆ ಇಟ್ಟುಕೊಳ್ಳಲಿಲ್ಲ. ಡಾಕ್ಟರು ಏನನ್ನೂ ಮುಟ್ಟಿಸಬೇಡಿ ಅಂದಿದ್ದರಲ್ಲ, ಮನೆಯಲ್ಲಿ ಮಾಡಿದ್ದೂ ಅದರಲ್ಲಿ ಸೇರಿತು. ನಾಲ್ಕು ತಿಂಗಳು ಕರಟ ದೇವರಮನೆಯ ಗೂಡಿನಲ್ಲಿ ಕಾಯಿತು. ಆ ನಾಲ್ಕು ತಿಂಗಳಲ್ಲಿ ನನಗೆ ಇದರ ಹುಚ್ಚು ಹಿಡಿಯಿತು. ಮುಖಕ್ಕೆ ದಿನಾ ಏನೇನು ಹಚ್ಚುತ್ತೇನೆ, ಅದು ಯಾವುದರಿಂದ ಆಗಿದೆ, ನಾನೇ ಮಾಡಬಹುದಾ ಅಂತ ಒಂದೊಂದನ್ನೇ ಹಿಡಿದು ನೋಡತೊಡಗಿದೆ.

ಮೊದಲು ಕುಂಕುಮ. ಅರಿಶಿನ ಬಣ್ಣ ಬದಲಿಸುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಬಟ್ಟೆಯ ಅರಿಶಿನದ ಕಲೆಗೆ ಸೋಪು ಹಾಕಿದರೆ ರಕ್ತದ ಹಾಗೆ ಕೆಂಪಾಗುತ್ತದೆ. ಮದುಮಕ್ಕಳಿಗೆ ಎತ್ತುವ ಓಕುಳಿ ಆರತಿಯ ನೀರು ಕೆಂಪಾಗುವುದು ಅರಿಶಿನಕ್ಕೆ ಚಿಟಿಕೆ ಸುಣ್ಣ ಸೇರಿದಾಗ. ಸುಣ್ಣ, ಸೋಪು ಎರಡೂ ಕ್ಷಾರ. ಅರಿಶಿನದ ಕರ್ಕ್ಯುಮಿನ್ ಕ್ಷಾರಕ್ಕೆ ಕೆಂಪಾಗುತ್ತದೆ, ಹುಳಿಗೆ ಮತ್ತೆ ಹಳದಿಯಾಗುತ್ತದೆ. ಆದರೆ ಅಜ್ಜಿಯರ ಕುಂಕುಮದ ದಾರಿ ಬೇರೆ. ಅರಿಶಿನದ ಕೊಂಬನ್ನು ತುಂಡು ಮಾಡಿ, ನಿಂಬೆರಸದಲ್ಲಿ ಬಿಳಿಗಾರ (ಬೋರಾಕ್ಸ್) ಮತ್ತು ಪಟಿಕ ಕರಗಿಸಿ, ಅದರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದರು. ನಿಂಬೆ ಹುಳಿ ಅಲ್ವಾ, ಹಳದಿಯೇ ಉಳಿಯಬೇಕಿತ್ತಲ್ಲ ಅಂತ ನನಗೂ ಅನ್ನಿಸಿತ್ತು. ಇಲ್ಲಿ ಕೆಲಸ ಮಾಡುವುದು ಬಿಳಿಗಾರದಲ್ಲಿರುವ ಬೋರಾನ್. ಹುಳಿಯ ಜೊತೆಯಲ್ಲಿ ಅದು ಕರ್ಕ್ಯುಮಿನ್‌ನೊಂದಿಗೆ ಸೇರಿ ಕೆಂಪು ಸಂಯುಕ್ತವಾಗುತ್ತದೆ. ಬೋರಾನ್ ಇದೆಯೇ ಎಂದು ಪತ್ತೆ ಮಾಡಲು ಲ್ಯಾಬುಗಳಲ್ಲಿ ಬಳಸುವ ಪರೀಕ್ಷೆಯೂ ಇದೇ.

ನಾನು ಎರಡೂ ಮಾಡಿ ನೋಡಿದೆ. ಸುಣ್ಣದ್ದು ಐದು ನಿಮಿಷದ ಕೆಲಸ, ಆದರೆ ಬಣ್ಣ ಇಟ್ಟಿಗೆಪುಡಿಯ ಕಡೆ ವಾಲುತ್ತದೆ, ಬೆಳಕಲ್ಲಿಟ್ಟರೆ ಬೇಗ ಮಂಕಾಗುತ್ತದೆ. ಸುಣ್ಣ ಚೂರು ಜಾಸ್ತಿಯಾದರೂ ಚರ್ಮ ಉರಿಯುತ್ತದೆ. ನನ್ನ ಮೊಣಕೈ ಒಳಭಾಗದಲ್ಲಿ ಎರಡು ದಿನ ಕೆಂಪಗೆ ದದ್ದಿತ್ತು. ನಿಂಬೆ ಬಿಳಿಗಾರದ್ದು ಹತ್ತು ದಿನ ತೆಗೆದುಕೊಂಡಿತು. ಬಂದ ಬಣ್ಣ ನೋಡಿ ಮನಸ್ಸು ತುಂಬಿ ಬಂತು. ಅಂಗಡಿಯ ಕುಂಕುಮದಷ್ಟು ಹೊಡೆಯುವ ಕೆಂಪಲ್ಲ, ಸ್ವಲ್ಪ ಮಾಗಿದ ಕೆಂಪು. ಹತ್ತಿರ ಹಿಡಿದರೆ ಅರಿಶಿನದ ಘಮ. ಇದನ್ನು ಹಬ್ಬಕ್ಕೆ, ಪೂಜೆಗೆ ಮಾತ್ರ ಇಟ್ಟುಕೊಂಡಿದ್ದೇನೆ. ಬಿಳಿಗಾರ ಒಡೆದ ಚರ್ಮಕ್ಕೆ ಒಳ್ಳೆಯದಲ್ಲ, ಸಣ್ಣ ಮಕ್ಕಳಿಗಂತೂ ಬೇಡ.

ನಮ್ಮ ದೇಶದ ಕಾನೂನಿನ ಪ್ರಕಾರ ಸೀಸ, ಆರ್ಸೆನಿಕ್ ಇರುವ ಬಣ್ಣಗಳನ್ನು ಮುಖಕ್ಕೆ ಹಚ್ಚುವ ಪದಾರ್ಥಗಳಲ್ಲಿ ಬಳಸುವಂತಿಲ್ಲ. ಆದರೆ ಜಾತ್ರೆಯಲ್ಲಿ, ಗುಡಿಯ ಮುಂದೆ ತೂಕ ಹಾಕಿ ಪೊಟ್ಟಣ ಕಟ್ಟುವ ಬಿಡಿ ಪುಡಿಗೆ ಕಂಪನಿಯ ಹೆಸರೂ ಇಲ್ಲ, ಒಳಗೇನಿದೆ ಅನ್ನುವ ಪಟ್ಟಿಯೂ ಇಲ್ಲ. ಬಟ್ಟಲ ತುಂಬ ನೀರಿಗೆ ಚಿಟಿಕೆ ಹಾಕಿ ನೋಡಿ. ಗುಲಾಬಿ ಬಣ್ಣ ಮೋಡದ ಹಾಗೆ ಬಿಟ್ಟುಕೊಂಡು ಹರಡಿದರೆ ಅದರಲ್ಲಿ ನೀರಲ್ಲಿ ಕರಗುವ ಬಣ್ಣ ಬೆರೆಸಿದ್ದಾರೆ ಅಂತ ಅರ್ಥ. ನಾನು ಅಂಥದ್ದನ್ನು ರಂಗೋಲಿಗೆ ಬಳಸುತ್ತೇನೆ, ಹಣೆಗೆ ಇಡುವುದಿಲ್ಲ.

ತುಟಿಯ ಬಣ್ಣಕ್ಕೆ ಕೈ ಹಾಕಿದ್ದು ಮಗಳಿಂದ. ಅವಳಿಗೆ ಆಗ ಹದಿನಾರು. ಮೊಬೈಲಿನಲ್ಲಿ ನೋಡಿ ಬೀಟ್‌ರೂಟ್ ರಸವನ್ನು ಕೊಬ್ಬರಿ ಎಣ್ಣೆಗೆ ಸುರಿದು ಕಲಸುತ್ತಾ ಕೂತಿದ್ದಳು. ಎಷ್ಟು ಕಲಸಿದರೂ ಕೆಂಪು ಹನಿಗಳು ತಳಕ್ಕೆ ಇಳಿಯುತ್ತಿದ್ದವು, ಎಣ್ಣೆ ಬೆಳ್ಳಗೇ ಉಳಿಯುತ್ತಿತ್ತು. ಬೀಟ್‌ರೂಟಿನ ಬಣ್ಣ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬಿಸಿ ಮಾಡಿದರೆ ಸೇರಬಹುದು ಅಂತ ಒಲೆಯ ಮೇಲಿಟ್ಟಳು. ರಸ ಬತ್ತಿ, ಕೆಂಪು ಹೋಗಿ, ಮಾಸಲು ಕಂದು ಬಂತು. ಪಾಪ, ಅವಳ ಮುಖ ಸಣ್ಣಗಾಯಿತು. ಫ್ರಿಜ್ಜಿನಲ್ಲಿಟ್ಟಿದ್ದ ಉಳಿದ ರಸ ಐದನೇ ದಿನಕ್ಕೆ ವಾಸನೆ ಹಿಡಿಯಿತು.

ಎಣ್ಣೆಯಲ್ಲಿ ಕರಗುವ ಕೆಂಪು ಬೇಕಿತ್ತು. ಅದನ್ನು ಹುಡುಕಿಕೊಂಡು ಒಂದು ಶನಿವಾರ ಅಮ್ಮ, ಮಗಳು, ನಾನು ಮೂವರೂ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಅವೆನ್ಯೂ ರಸ್ತೆಯ ಕಡೆ ನಡೆದೆವು. ಆ ಗಲ್ಲಿಗಳಲ್ಲಿ ಗ್ರಂಧಿಗೆ ಅಂಗಡಿಗಳಿವೆ. ಬಾಣಂತಿ ಔಷಧಿ, ಹೋಮದ ಸಾಮಾನು, ಒಣಗಿದ ಬೇರು, ತೊಗಟೆ ಎಲ್ಲ ಸಿಗುವ ಅಂಗಡಿಗಳು. ಒಳಗೆ ಕಾಲಿಟ್ಟರೆ ಬಜೆ, ಕಚೋರ, ಲಾವಂಚದ ಬೇರು, ಇಂಗು ಎಲ್ಲ ಸೇರಿದ ವಾಸನೆ ಬರುತ್ತದೆ. ನನಗೆ ಆ ವಾಸನೆಯೆಂದರೆ ಪ್ರಾಣ. ರತನ್‌ಜೋತ್ ಕೊಡಿ ಅಂದೆ, ಎಣ್ಣೆಗೆ ಕೆಂಪು ಬಿಡುವ ಬೇರು ಅದು. ಅಂಗಡಿಯವರು "ತಲೆಗೆ ಹಚ್ಚೋ ಎಣ್ಣೆಗಾ, ಅಡುಗೆಗಾ?" ಅಂತ ಕೇಳಿದರು. ತುಟಿಗೆ ಅಂದೆ. ತಲೆಯೆತ್ತಿ ನೋಡಿ, ಬೆರಳಲ್ಲಿ ಒಂದು ಚೂರು ಮುರಿದು, ಅಂಗೈ ಮೇಲೆ ಉಜ್ಜಿ ತೋರಿಸಿದರು. ನೇರಳೆ ಮಿಶ್ರಿತ ಕೆಂಪು. "ಎಣ್ಣೆಗೆ ಹಾಕಿ ನೋಡಿ ತಾಯಿ, ಇನ್ನೂ ಚೆನ್ನಾಗಿ ಬಿಡ್ತದೆ."

ಅಲ್ಲೇ ಶ್ರೀಗಂಧದ ಪುಡಿಯ ಡಬ್ಬವೂ ಇತ್ತು. ಅಮ್ಮ ಮೂಸಿ ನೋಡಿ ವಾಪಸ್ ಇಟ್ಟರು. ಅಗ್ಗದ ಗಂಧದ ಪುಡಿ ಎಷ್ಟೋ ಸಲ ಮರದ ಹೊಟ್ಟಿಗೆ ಸೆಂಟು ಬೆರೆಸಿದ್ದೇ ಆಗಿರುತ್ತದೆ. ಅಪ್ಪನ ಕಾಲದ ಗಂಧದ ಕೊರಡು ಮನೆಯಲ್ಲಿದೆ, ಸಾಣೆಕಲ್ಲೂ ಇದೆ. ಬೇಕಾದಾಗ ನಾಲ್ಕು ಹನಿ ನೀರು ಹಾಕಿ ತೇಯ್ದುಕೊಂಡರೆ ಒಂದು ಮುಖಕ್ಕೆ ಸಾಕಾಗುವಷ್ಟು ಬರುತ್ತದೆ. ಗಂಧದ ಸೋಪನ್ನು 1918ರಲ್ಲೇ ಮಾಡಿ ಲೋಕಕ್ಕೆ ಕೊಟ್ಟ ಊರು ನಮ್ಮದು. ಆ ವಾಸನೆ ಯಾವುದು ನಿಜ, ಯಾವುದು ಸುಳ್ಳು ಅಂತ ನಮ್ಮ ಅಮ್ಮಂದಿರ ಮೂಗಿಗೆ ಗೊತ್ತಾಗುತ್ತದೆ.

ಮನೆಗೆ ಬಂದು, ಕುದಿಯುವ ನೀರಿನ ಪಾತ್ರೆಯೊಳಗೆ ಸ್ಟೀಲ್ ಬಟ್ಟಲಿಟ್ಟು ಕೊಬ್ಬರಿ ಎಣ್ಣೆ ಕಾಯಿಸಿದೆವು. ರತನ್‌ಜೋತಿನ ನಾಲ್ಕು ಸಿಪ್ಪೆ ಹಾಕಿದಳು ಮಗಳು. ಮೊದಲು ಸಿಪ್ಪೆಯ ಸುತ್ತ ಒಂದು ಗುಲಾಬಿ ಗೆರೆ ಕಾಣಿಸಿತು. ಆಮೇಲೆ ಹೊಗೆಯ ಹಾಗೆ ಸುರುಳಿ ಸುರುಳಿಯಾಗಿ ಕೆಂಪು ಬಿಟ್ಟುಕೊಂಡಿತು. ಕಾಲು ಗಂಟೆಗೆ ಇಡೀ ಬಟ್ಟಲು ದಾಳಿಂಬೆ ರಸದ ಬಣ್ಣ. ಅವಳು ಚಮಚ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ನಿಂತಳು. ನಾನು ಅವಳನ್ನು ನೋಡುತ್ತಾ ನಿಂತೆ.

ಉಳಿದದ್ದು ಅಳತೆಯ ಕೆಲಸ. ನಮ್ಮ ಮನೆಯ ಅಳತೆ ಹೀಗಿದೆ: ಜೇನುಮೇಣ 5 ಗ್ರಾಂ, ಮುರುಗಲ ತುಪ್ಪ 5 ಗ್ರಾಂ, ಕೆಂಪು ಮಾಡಿದ ಕೊಬ್ಬರಿ ಎಣ್ಣೆ 10 ಗ್ರಾಂ, ಹರಳೆಣ್ಣೆ 5 ಗ್ರಾಂ. ಹರಳೆಣ್ಣೆ ಹೊಳಪಿಗೆ. ಅಂಗಡಿಯ ಎಷ್ಟೋ ಲಿಪ್‌ಸ್ಟಿಕ್‌ಗಳಲ್ಲೂ ಅದೇ ಇರುತ್ತದೆ. ಮುರುಗಲ ತುಪ್ಪ ಅಂದರೆ ಮುರುಗಲ ಹಣ್ಣಿನ ಬೀಜದಿಂದ ತೆಗೆದ ಗಟ್ಟಿ ಎಣ್ಣೆ, ಮಂಗಳೂರಿನ ಕಡೆ ಪುನರ್ಪುಳಿ ಅನ್ನುತ್ತಾರಲ್ಲ, ಅದರದ್ದು. ಶಿರಸಿ ಕಡೆಯ ನನ್ನ ಗೆಳತಿಯ ಮನೆಯಲ್ಲಿ ಹಿಮ್ಮಡಿ ಒಡೆದರೆ ಇದನ್ನೇ ಹಚ್ಚುತ್ತಾರೆ. ದೂರದೇಶದ ಶಿಯಾ ಬೆಣ್ಣೆಗೆ ನೂರಾರು ರೂಪಾಯಿ ಕೊಡುತ್ತಿದ್ದ ನನಗೆ ಇದು ಗೊತ್ತಾದಾಗ ಎಷ್ಟು ಖುಷಿಯಾಯಿತೋ. ಎಲ್ಲವನ್ನೂ ಸಣ್ಣ ಶಾಖದಲ್ಲಿ ಕರಗಿಸಿ, ಪುಟ್ಟ ಡಬ್ಬಿಗೆ ಹೊಯ್ದು ಆರಲು ಬಿಟ್ಟರೆ ಆಯಿತು. ನೀರಿನ ಒಂದು ಹನಿಯೂ ಸೇರಬಾರದು. ನೀರಿಲ್ಲದ ಕಾರಣಕ್ಕೇ ಇದು ತಿಂಗಳುಗಟ್ಟಲೆ ಕೆಡುವುದಿಲ್ಲ. ಬೀಟ್‌ರೂಟ್ ರಸ, ಲೋಳೆಸರ, ಹೂವಿನ ನೀರು ಇವುಗಳಲ್ಲಿ ಮನೆಯಲ್ಲಿ ಏನು ಮಾಡಿದರೂ ಎರಡು ಮೂರು ದಿನದೊಳಗೆ ಮುಗಿಸಬೇಕು. ವಾಸನೆ ಬರುವ ಮೊದಲೇ ಒಳಗೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದಿರುತ್ತದೆ.

ರತನ್‌ಜೋತಿನ ಬಗ್ಗೆ ಒಂದು ಮಾತು. ಆ ಜಾತಿಯ ಗಿಡಗಳಲ್ಲಿ ಲಿವರ್‌ಗೆ ಒಗ್ಗದ ಅಂಶಗಳೂ ಇರುತ್ತವೆ. ತುಟಿಗೆ ಹಚ್ಚಿದ್ದು ಸ್ವಲ್ಪ ಹೊಟ್ಟೆಗೂ ಹೋಗುತ್ತದೆ. ಅದಕ್ಕೇ ಮಗಳಿಗೆ ದಿನಾ ಹಚ್ಚಲು ಬಣ್ಣವಿಲ್ಲದ ಡಬ್ಬಿ, ಮದುವೆ ಮುಂಜಿಗೆ ಮಾತ್ರ ಕೆಂಪು ಡಬ್ಬಿ ಅಂತ ಎರಡು ಮಾಡಿಟ್ಟಿದ್ದೇನೆ. ಬಸುರಿಯಾಗಿದ್ದ ತಂಗಿ ಕೇಳಿದಾಗ ಕೆಂಪನ್ನು ಕೊಡಲಿಲ್ಲ.

ಇನ್ನು ಬೆಂಗಳೂರಿನ ಹವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಆಗುವ ಹೊತ್ತಿಗೆ ಬೆಳಗ್ಗೆ ಬಾಟಲಿಯಲ್ಲಿ ಎಣ್ಣೆ ಕಲ್ಲಾಗಿರುತ್ತದೆ, ಏಪ್ರಿಲ್‌ನಲ್ಲಿ ನೀರಾಗಿರುತ್ತದೆ. ನಮ್ಮ ಮೊದಲ ಡಬ್ಬಿ ನವೆಂಬರಿನದ್ದು. ಯುಗಾದಿಯ ಹೊತ್ತಿಗೆ ಮಗಳ ಬ್ಯಾಗಿನೊಳಗೆ ಕರಗಿ, ಗಣಿತದ ನೋಟ್ ಬುಕ್ಕಿನ ಅಂಚೆಲ್ಲ ಕೆಂಪಾಯಿತು. ಈಗ ಬೇಸಿಗೆಯ ಡಬ್ಬಿಗೆ ಮೇಣ 2 ಗ್ರಾಂ ಹೆಚ್ಚು ಹಾಕುತ್ತೇವೆ.

ಕಾಡಿಗೆಯನ್ನು ಅಮ್ಮ ಒಬ್ಬರೇ ಮಾಡಿದರು, ನಾನು ಪಕ್ಕದಲ್ಲಿ ಕೂತಿದ್ದೆ. ಗರಗದ ಸೊಪ್ಪಿನ ರಸದಲ್ಲಿ ಬಿಳಿ ಹತ್ತಿಬಟ್ಟೆಯನ್ನು ಮೂರು ಸಲ ಅದ್ದಿ, ಮೂರು ಸಲ ನೆರಳಲ್ಲಿ ಒಣಗಿಸಿ ಬತ್ತಿ ಹೊಸೆದರು. ಹಣತೆಗೆ ಹರಳೆಣ್ಣೆ. ಅಕ್ಕಪಕ್ಕ ಎರಡು ಚೊಂಬು, ಅವುಗಳ ಮೇಲೆ ಬೋರಲಾಗಿ ತಾಮ್ರದ ತಟ್ಟೆ. ತಟ್ಟೆ ಜ್ವಾಲೆಗೆ ತೀರಾ ಹತ್ತಿರವಾದರೆ ದೀಪ ಆರಿಹೋಗುತ್ತದೆ, ದೂರವಾದರೆ ಮಸಿಯೆಲ್ಲ ಗಾಳಿಗೆ ಹೋಗುತ್ತದೆ. ಜ್ವಾಲೆಯ ತುದಿ ತಟ್ಟೆಯನ್ನು ನೆಕ್ಕುತ್ತಿರಬೇಕು. ಆಗ ಗಾಳಿ ಸಾಲದೆ ಎಣ್ಣೆ ಪೂರ್ತಿ ಉರಿಯುವುದಿಲ್ಲ, ಉಳಿದ ಇಂಗಾಲ ತಟ್ಟೆಗೆ ಕೂರುತ್ತದೆ. ಚೊಂಬಿನ ಕೆಳಗೆ ಹಳೇ ಪುಸ್ತಕವಿಟ್ಟು, ತೆಗೆದು, ಮತ್ತೆ ಇಟ್ಟು ಅಮ್ಮ ಆ ಎತ್ತರವನ್ನು ಹುಡುಕಿದರು. ಫ್ಯಾನ್ ಆರಿಸಿ, ಕಿಟಕಿ ಸ್ವಲ್ಪವೇ ತೆರೆದು, ಸರದಿಯಲ್ಲಿ ಎದ್ದು ನೋಡುತ್ತಾ ರಾತ್ರಿ ಕಳೆದೆವು. ಬೆಳಗ್ಗೆ ತಟ್ಟೆ ತಿರುಗಿಸಿದಾಗ ವೆಲ್ವೆಟ್ ಬಟ್ಟೆಯಂಥ ಕಪ್ಪು. ಉಸಿರು ತಾಗಿದರೆ ಹಾರುವಷ್ಟು ಹಗುರ. ಕೆರೆದರೆ ಕಾಲು ಚಮಚವೂ ಇಲ್ಲ. ಎರಡು ಹನಿ ತುಪ್ಪದಲ್ಲಿ ಅರೆದು ಹಳೇ ಬೆಳ್ಳಿ ಭರಣಿಗೆ ತುಂಬಿದರು.

ಇದನ್ನು ಎಲ್ಲರೂ ಮಾಡಿ ಅಂತ ನಾನು ಹೇಳುವುದಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಿ ಕೇಳಿದೆ. ಮಸಿ ಎಷ್ಟು ನುಣುಪಾಗಿದ್ದರೂ ಕಣ್ಣಿನ ಒಳಗಂಚಿಗೆ ಬೇಡ, ರೆಪ್ಪೆಯ ಹೊರಗೆ ಗೆರೆ ಎಳೆದುಕೊಳ್ಳಿ, ರಾತ್ರಿ ತೊಳೆಯಿರಿ ಅಂದರು. ಕೂಸುಗಳ ಕಣ್ಣಿಗೆ ಮಾತ್ರ ಮನೆಯದ್ದೂ ಬೇಡ, ಅಂಗಡಿಯದ್ದೂ ಬೇಡ. ಬೆರಳಿಂದ ಸೋಂಕು ತಗಲುತ್ತದೆ, ಕಣ್ಣೀರಿನ ಸಣ್ಣ ನಾಳ ಕಟ್ಟಿಕೊಳ್ಳಬಹುದು. ಕೆಲವು ಸುರ್ಮಾಗಳಲ್ಲಂತೂ ಸೀಸವೇ ಇರುತ್ತದೆ. ಅಮ್ಮನಿಗೆ ಇದನ್ನು ಹೇಳುವಾಗ ನನಗೆ ಅಳುಕಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಿದ್ರೆ ಅಂಗಾಲಿಗೆ ಇಡೋಣ ಬಿಡು, ಅಲ್ಲಿಟ್ರೂ ದೃಷ್ಟಿ ತಾಗಲ್ಲ" ಅಂದರು. ತಂಗಿಯ ಮಗುವಿಗೆ ಈಗ ಅಂಗಾಲಿನಲ್ಲಷ್ಟೇ ಕರಿಬೊಟ್ಟು.

ಮನೆಯಲ್ಲಿ ಮಾಡಿದ್ದು ಅಂದಮಾತ್ರಕ್ಕೆ ಮೈಗೆ ಒಗ್ಗುತ್ತದೆ ಅಂತ ನಂಬುವವರನ್ನು ಕಂಡರೆ ನನಗೆ ಈಗ ನಿಜವಾಗಿ ಭಯವಾಗುತ್ತದೆ. ಮುಖಕ್ಕೆ ನಿಂಬೆಹಣ್ಣು ಉಜ್ಜಿಕೊಂಡು ಬಿಸಿಲಿಗೆ ಹೋದ ಸಹೋದ್ಯೋಗಿಯೊಬ್ಬರಿಗೆ ಕೆನ್ನೆಯ ಮೇಲೆ ಸುಟ್ಟ ಹಾಗೆ ಕಲೆ ಬಂತು. ನಿಂಬೆಯಲ್ಲಿರುವ ಕೆಲವು ಅಂಶಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತವೆ. ತುಟಿ ಕೆಂಪಾಗಲಿ ಅಂತ ಚಕ್ಕೆಪುಡಿ ಉಜ್ಜುವುದು, ಅಡುಗೆ ಸೋಡಾ ಮುಖಕ್ಕೆ ಹಚ್ಚುವುದು, ಇವೂ ಬೇಡ. ಸನ್‌ಸ್ಕ್ರೀನ್ ಅನ್ನು ನಾನು ಅಂಗಡಿಯಿಂದಲೇ ತರುತ್ತೇನೆ. ಅದು ಎಷ್ಟು ತಡೆಯುತ್ತದೆ ಅಂತ ಅಡುಗೆಮನೆಯಲ್ಲಿ ಅಳೆಯಲು ಸಾಧ್ಯವಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ತಂಪಾಗಿದೆ ಅಂತ ಬಿಸಿಲು ಸುಡದೇ ಇರುವುದಿಲ್ಲ. ಹೊಸದು ಏನೇ ಮಾಡಿದರೂ ಮೊಣಕೈ ಒಳಗೆ ಹಚ್ಚಿ ಒಂದು ದಿನ ಕಾಯುತ್ತೇವೆ. ಮಗಳು ಅವಸರ ಮಾಡಿದರೆ ನನ್ನ ಹಣೆ ತೋರಿಸುತ್ತೇನೆ.

ಹಣೆಯ ವಿಷಯ ಹೇಳಲಿಲ್ಲ ಅಲ್ವಾ. ಎರಡು ತಿಂಗಳು ಏನೂ ಆಗಲಿಲ್ಲ. ಮೂರನೇ ತಿಂಗಳು, ಒಂದು ಬೆಳಗ್ಗೆ, ಬಿಳಿಯ ನಡುವೆ ಸಾಸಿವೆಗಿಂತ ಸಣ್ಣ ಎರಡು ಕಂದು ಚುಕ್ಕಿ ಕಂಡವು. ಮಗಳನ್ನು ಕೂಗಿ ತೋರಿಸಿದೆ. ಅವಳು ಮೊಬೈಲ್ ಬೆಳಕು ಹಾಕಿ ನೋಡಿ "ಎರಡಲ್ಲ ಅಮ್ಮ, ಐದಿದೆ" ಅಂದಳು. ಕೂದಲಿನ ಬುಡದಿಂದ ಬಣ್ಣದ ಜೀವಕೋಶಗಳು ಮತ್ತೆ ಮೇಲೆ ಬರುತ್ತವಂತೆ, ಅದಕ್ಕೇ ಹಾಗೆ ಚುಕ್ಕಿ ಚುಕ್ಕಿಯಾಗಿ ಕಾಣುವುದು. ನಾಲ್ಕನೇ ತಿಂಗಳ ಕೊನೆಗೆ ಡಾಕ್ಟರು ಸಾದು ಇಟ್ಟುಕೊಳ್ಳಬಹುದು ಅಂದರು, ಆದರೆ ಆ ಜಾಗ ಬಿಟ್ಟು. ಇವತ್ತಿಗೂ ಬೊಟ್ಟನ್ನು ಅರ್ಧ ಬೆರಳು ಮೇಲೆ ಇಡುತ್ತೇನೆ. ಬಿಳಿ ಪೂರ್ತಿ ಮುಚ್ಚಿಲ್ಲ. ಎದುರಿಗೆ ಕೂತು ಮಾತಾಡುವವರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತು.

ಕರಟದ ಸಾದು ಮೂರು ವರ್ಷದಲ್ಲಿ ಸವೆದು, ನಡುವೆ ಕರಟದ ಕಂದು ಮೈ ಇಣುಕುತ್ತಿದೆ. ಮಗಳು ಮುಂದಿನ ತಿಂಗಳು ಓದಲು ಧಾರವಾಡಕ್ಕೆ ಹೊರಟಿದ್ದಾಳೆ, ಅವಳಿಗೂ ಒಂದು ಕರಟ ಬೇಕಂತೆ. ಗಾಂಧಿ ಬಜಾರಿನಿಂದ ಅರ್ಧ ಕೆ.ಜಿ. ಸಬ್ಬಕ್ಕಿ ತಂದಿಟ್ಟಿದ್ದೇನೆ. ನೆನ್ನೆ ಸಂಜೆ ಅವಳೇ ಬಾಲ್ಕನಿಯಲ್ಲಿ ಕೂತು ಎರಡು ಕರಟ ಉಜ್ಜಿದಳು, ಒಂದರ ಅಂಚು ಸ್ವಲ್ಪ ಸೀಳಿತ್ತು ಅಂತ ಬದಿಗಿಟ್ಟು ಮೂರನೆಯದನ್ನು ಹಿಡಿದಳು. ಅಮ್ಮ ಭಾನುವಾರ ಬೆಳಗ್ಗೆಯ ಬಸ್ಸಿಗೆ ಬರುತ್ತಾರೆ. ಎದುರು ಮನೆಯವರಿಗೆ ಹೊಗೆಯ ವಿಷಯ ಈಗಲೇ ಹೇಳಿ ಬಂದಿದ್ದೇನೆ. ಆಗಲಿ, ನಮಗೂ ಒಂದಿಷ್ಟು ಕೊಡಿ ಅಂದರು.